ಅಚೌರ್ಯಾಣುವ್ರತವೂ ಕಳವಾದ ಬಿಂಬಗಳೂ

ಅಣುವ್ರತಗಳಲ್ಲಿ ಮೂರನೆಯದಾದ ಅಚೌರ್ಯವನ್ನು ನಾವು ಬಹು ಸುಲಭವಾದ ವ್ರತವೆಂದು ಭಾವಿಸಿರುತ್ತೇವೆ. ಉಪವಾಸವು ದೇಹವನ್ನು ದಂಡಿಸುತ್ತದೆ. ರಾತ್ರಿಭೋಜನ ತ್ಯಾಗವು ದಿನಚರಿಯನ್ನೇ ಬದಲಿಸುತ್ತದೆ. ಪರಿಗ್ರಹ ಪರಿಮಾಣವು ಗೃಹಸ್ಥನ ಮನಸ್ಸನ್ನು ಹಿಂಡುತ್ತದೆ. ಆದರೆ ಕಳವು ಮಾಡದಿರುವುದರಲ್ಲಿ ಕಷ್ಟವೇನು? ಪರರ ಮನೆಗೆ ಕನ್ನವಿಕ್ಕದವನು, ಬಿದ್ದ ವಸ್ತುವನ್ನು ಎತ್ತಿಕೊಳ್ಳದವನು ಈ ವ್ರತವನ್ನು ಪಾಲಿಸಿದವನೇ ಅಲ್ಲವೆ? ನಾನೂ ಬಹುಕಾಲ ಹಾಗೆಯೇ ತಿಳಿದಿದ್ದೆನು. ಆ ತಿಳಿವಳಿಕೆ ತಪ್ಪೆಂಬುದು ನನಗೆ ಅರಿವಾದದ್ದು ಶಾಸ್ತ್ರಾಭ್ಯಾಸದಿಂದಲ್ಲ, ನನ್ನ ಮನೆಯ ದೇವರ ಗೂಡಿನಿಂದ. ಆ ಸಂಗತಿಯನ್ನು ವಾಚಕರ ಮುಂದಿಟ್ಟು, ಅದರಿಂದ ಹುಟ್ಟುವ ಒಂದು ಪ್ರಶ್ನೆಯನ್ನು ವಿಚಾರಿಸುವುದು ಈ ಲೇಖನದ ಉದ್ದೇಶ. ಪ್ರಶ್ನೆ ಇದು: ಕದ್ದ ವಸ್ತುವನ್ನು ತಿಳಿಯದೆ, ಹಣ ಕೊಟ್ಟು, ಭಕ್ತಿಯಿಂದಲೇ ಕೊಂಡವನು ಕಳ್ಳನೆ? ಅಲ್ಲವಾದರೆ, ಆ ವಸ್ತುವನ್ನು ಅವನು ಇಟ್ಟುಕೊಳ್ಳಬಹುದೆ?

೧೯೮೬ರಲ್ಲಿ ನಾನು ಒಂದು ಪಟ್ಟಣದ ಪ್ರೌಢಶಾಲೆಯಲ್ಲಿ ಉಪಾಧ್ಯಾಯನಾಗಿದ್ದೆನು. ಅಲ್ಲಿಯ ಹಳೆಯ ಹಿತ್ತಾಳೆ-ತಾಮ್ರದ ಅಂಗಡಿಯೊಂದರಲ್ಲಿ, ತೂತುಬಿದ್ದ ಹಂಡೆ ಕೊಳಗಗಳ ನಡುವೆ, ಗೇಣುದ್ದದ ಒಂದು ಲೋಹಬಿಂಬ ಕಣ್ಣಿಗೆ ಬಿದ್ದಿತು. ಪ್ರಭಾವಳಿಯಲ್ಲಿ ಹದಿನಾಲ್ಕು ತೀರ್ಥಂಕರರಿದ್ದ, ಅನಂತನ ನೋಂಪಿಯಲ್ಲಿ ಪೂಜಿಸುವ ಬಿಂಬ ಅದು. ಅಂಗಡಿಯವನು ಅದನ್ನು ತಕ್ಕಡಿಗೆ ಹಾಕಿ ತೂಗಿದನು. ಲೋಹದ ಬೆಲೆಗಿಂತ ಸ್ವಲ್ಪ ಹೆಚ್ಚಾಗಿ ನೂರ ಇಪ್ಪತ್ತು ರೂಪಾಯಿ ಹೇಳಿದನು. ಜಿನಬಿಂಬವು ಕುಲುಮೆಗೆ ಬೀಳದಂತೆ ಉಳಿಸಿದೆನೆಂಬ ಸಂತೋಷದಿಂದ ಹಣ ತೆತ್ತು ಮನೆಗೆ ತಂದೆನು. ಇದು ಎಲ್ಲಿಂದ ಬಂದಿತು ಎಂದು ಕೇಳಲಿಲ್ಲ. ಕೇಳಿದ್ದರೆ ಅವನು ಏನು ಹೇಳುತ್ತಿದ್ದನೋ ಎಂಬ ಅಂಜಿಕೆ ಆಗಲೇ ಮನಸ್ಸಿನ ಮೂಲೆಯಲ್ಲಿದ್ದಿತೆಂದು ಈಗ ಒಪ್ಪಿಕೊಳ್ಳುತ್ತೇನೆ.

ಹನ್ನೊಂದು ವರ್ಷ ಅದರ ಮುಂದೆ ಕುಳಿತು ಸಾಮಾಯಿಕ ಮಾಡಿದೆನು. ಅಷ್ಟಮಿ ಚತುರ್ದಶಿಗಳ ಉಪವಾಸಗಳನ್ನು ನಡೆಸಿದೆನು. ೧೯೯೭ರಲ್ಲಿ ದಶಲಕ್ಷಣ ಪರ್ವದ ಹಿಂದಿನ ದಿನ ಹುಣಿಸೆಹಣ್ಣಿನಿಂದ ಉಜ್ಜುವಾಗ ಪೀಠದ ಹಿಂಬದಿಯಲ್ಲಿ ಅಕ್ಷರಗಳು ಕಾಣಿಸಿದವು. ಹಳಗನ್ನಡ ಲಿಪಿಯನ್ನು ಓದಬಲ್ಲ ಮಿತ್ರರೊಬ್ಬರ ನೆರವಿನಿಂದ ಅದರ ಅರ್ಥ ತಿಳಿಯಿತು. ಒಬ್ಬ ಶ್ರಾವಿಕೆಯು ಅನಂತನ ನೋಂಪಿಯನ್ನು ಪೂರೈಸಿ, ಉದ್ಯಾಪನೆಯ ದಾನವಾಗಿ ಈ ಬಿಂಬವನ್ನು ಇಂಥ ಊರಿನ ಬಸದಿಗೆ ಕೊಟ್ಟಳೆಂಬುದೇ ಆ ಬರಹ. ಆ ಊರು ನಮ್ಮ ಪಟ್ಟಣದಿಂದ ಎರಡು ಹಗಲಿನ ದಾರಿಯೂ ಅಲ್ಲ.

ಇಲ್ಲಿಂದ ಮುಂದೆ ನಡೆದುದನ್ನು ಹೇಳಲು ನನಗೆ ಲಜ್ಜೆಯಾಗುತ್ತದೆ. ಕೂಡಲೆ ಹೋಗಿ ಕೊಟ್ಟು ಬರಲಿಲ್ಲ. ಒಂದು ವರ್ಷ ಇಟ್ಟುಕೊಂಡೆನು. ಆ ಬಸದಿಯಲ್ಲಿ ನಿತ್ಯಪೂಜೆ ನಿಂತಿದೆ, ಬಾಗಿಲಿಗೆ ಗಟ್ಟಿಯಾದ ಬೀಗವಿಲ್ಲ, ಕೊಟ್ಟರೆ ಮರಳಿ ಕಳವಾಗುವುದು, ನನ್ನ ಮನೆಯಲ್ಲಾದರೆ ದಿನವೂ ಪೂಜೆ ನಡೆಯುತ್ತಿದೆ ಎಂದು ನನಗೆ ನಾನೇ ಹೇಳಿಕೊಂಡೆನು. ಇವೆಲ್ಲ ನಾನು ಕಣ್ಣಾರೆ ಕಂಡ ಸಂಗತಿಗಳಲ್ಲ. ಯಾರೋ ಹೇಳಿದ್ದು, ನನಗೆ ಬೇಕಾಗಿದ್ದುದರಿಂದ ನಂಬಿದ್ದು.

ಈಗ ಶಾಸ್ತ್ರದ ಮಾತಿಗೆ ಬರೋಣ. ಕಳವಿಗೆ ನಮ್ಮ ಆಚಾರ್ಯರು ಕೊಟ್ಟ ಹೆಸರು ಅದತ್ತಾದಾನ. ಇದು ಕೊಡದುದನ್ನು ಪಡೆಯುವುದು ಎಂಬಷ್ಟು ವಿಸ್ತಾರವಾದ ಪದ. ಗೋಡೆ ಒಡೆದನೆ, ಬೀಗ ಮುರಿದನೆ ಎಂಬುದು ಅಲ್ಲಿ ಪ್ರಶ್ನೆಯಲ್ಲ. ಕೊಡುವ ಅಧಿಕಾರವುಳ್ಳವನು ಕೊಟ್ಟನೆ ಎಂಬುದೊಂದೇ ಪ್ರಶ್ನೆ. ಇನ್ನು ಈ ವ್ರತದ ಅತಿಚಾರಗಳನ್ನು ಎಣಿಸುವಾಗ ಕಳ್ಳನನ್ನು ಪ್ರೇರಿಸುವುದನ್ನೂ ಕಳ್ಳನು ತಂದುದನ್ನು ಸ್ವೀಕರಿಸುವುದನ್ನೂ ಅಕ್ಕಪಕ್ಕದಲ್ಲಿ ಹೇಳಿದ್ದಾರೆ. ಈ ಎರಡನೆಯದಕ್ಕೆ ತದಾಹೃತಾದಾನವೆಂದೂ ಚೌರಾರ್ಥಾದಾನವೆಂದೂ ಹೆಸರು. ಪ್ರೇರಣೆ ಕೊಡದೆ, ಕೈಯಾರೆ ಕದಿಯದೆ, ಕೇವಲ ಕೊಂಡವನೂ ವ್ರತಕ್ಕೆ ಕಲೆ ಹಚ್ಚಿದವನೆಂದೇ ಅದರ ತಾತ್ಪರ್ಯ. ಕೊಳ್ಳುವವನಿಲ್ಲದಿದ್ದರೆ ಕದಿಯುವವನಿಗೆ ಕೆಲಸವಿಲ್ಲ. ಇಷ್ಟು ಸರಳವಾದ ವ್ಯವಹಾರಜ್ಞಾನವನ್ನು ಆಚಾರ್ಯರು ಸಾವಿರಾರು ವರ್ಷಗಳ ಹಿಂದೆಯೇ ವ್ರತದೊಳಗೆ ಕಟ್ಟಿಟ್ಟಿದ್ದಾರೆ.

ಜಗತ್ತಿನ ರಾಷ್ಟ್ರಗಳು ಈ ಮಾತನ್ನು ಒಪ್ಪಿಕೊಳ್ಳಲು ೧೯೭೦ರವರೆಗೆ ಕಾಯಬೇಕಾಯಿತು. ಆ ವರ್ಷದ ನವೆಂಬರ್ ೧೪ರಂದು ಪ್ಯಾರಿಸ್ಸಿನಲ್ಲಿ ಯುನೆಸ್ಕೊ ಸಂಸ್ಥೆಯು ಸಾಂಸ್ಕೃತಿಕ ಸ್ವತ್ತಿನ ಅಕ್ರಮ ಆಮದು, ರಫ್ತು ಮತ್ತು ಒಡೆತನದ ವರ್ಗಾವಣೆಯನ್ನು ತಡೆಯುವ ಒಡಂಬಡಿಕೆಯನ್ನು ಅಂಗೀಕರಿಸಿತು. ೧೯೭೨ರಲ್ಲಿ ಅದು ಜಾರಿಗೆ ಬಂದಿತು. ಅದೇ ವರ್ಷ ನಮ್ಮ ದೇಶವು ಪುರಾತನ ವಸ್ತುಗಳು ಮತ್ತು ಕಲಾನಿಧಿಗಳ ಕಾಯಿದೆಯನ್ನು ಮಾಡಿತು. ೧೯೭೬ರಲ್ಲಿ ಅದನ್ನು ಜಾರಿಗೊಳಿಸಿ, ೧೯೭೭ರಲ್ಲಿ ಒಡಂಬಡಿಕೆಗೆ ಸೇರಿತು. ಆದರೆ ಇಂಥ ವಸ್ತುಗಳು ಹೋಗಿ ಸೇರುವ ಪೇಟೆಗಳ ನಡೆಯನ್ನು ನೋಡಿರಿ. ಅಮೆರಿಕವು ೧೯೮೩ರಲ್ಲಿ, ಫ್ರಾನ್ಸ್ ೧೯೯೭ರಲ್ಲಿ, ಬ್ರಿಟನ್ ಮತ್ತು ಜಪಾನ್ ೨೦೦೨ರಲ್ಲಿ, ಸ್ವಿಟ್ಜರ್ಲೆಂಡ್ ೨೦೦೩ರಲ್ಲಿ ಸೇರಿದವು. ಕಳೆದುಕೊಂಡವನಿಗೆ ಅವಸರ, ಕೊಂಡವನಿಗೆ ನಿಧಾನ. ನನ್ನ ಒಂದು ವರ್ಷದ ವಿಳಂಬವನ್ನು ನೆನೆದಾಗ ಆ ರಾಷ್ಟ್ರಗಳನ್ನು ಹಳಿಯಲು ನನಗೆ ನಾಲಗೆ ಏಳುವುದಿಲ್ಲ.

ಅತಿಚಾರಗಳಲ್ಲಿ ಇನ್ನೊಂದು ಪ್ರತಿರೂಪಕ ವ್ಯವಹಾರ, ಅಂದರೆ ನಕಲಿಯನ್ನು ಅಸಲಿಯ ಜಾಗದಲ್ಲಿಟ್ಟು ನಡೆಸುವ ವಂಚನೆ. ಇದಕ್ಕೆ ತಂಜಾವೂರು ಸೀಮೆಯ ಶಿವಪುರದ ನಟರಾಜನಿಗಿಂತ ಬೇರೆ ನಿದರ್ಶನ ಬೇಕಿಲ್ಲ. ೧೯೫೧ರಲ್ಲಿ ನೆಲದೊಳಗಿಂದ ದೊರೆತ ಆ ಚೋಳವಿಗ್ರಹವನ್ನು ಜೀರ್ಣೋದ್ಧಾರಕ್ಕೆಂದು ಕಳುಹಿಸಿದಾಗ ಮರಳಿ ಬಂದದ್ದು ಅದರ ಪಡಿಯಚ್ಚು. ಅಸಲು ವಿಗ್ರಹವು ಕೈಯಿಂದ ಕೈಗೆ ದಾಟಿ ಅಮೆರಿಕಕ್ಕೆ ಹೋಯಿತು. ಊರವರು ನಕಲಿಗೇ ದೀಪ ಹಚ್ಚುತ್ತಿದ್ದರು. ೧೯೬೫ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನ ವಿದ್ವಾಂಸ ಡಗ್ಲಸ್ ಬ್ಯಾರೆಟ್ ತಮ್ಮ ಗ್ರಂಥದಲ್ಲಿ ಈ ವಂಚನೆಯನ್ನು ಬಯಲಿಗೆ ತಂದರು. ಹಾಗಿದ್ದೂ ೧೯೭೩ರಲ್ಲಿ ನಾರ್ಟನ್ ಸೈಮನ್ ಪ್ರತಿಷ್ಠಾನವು ಒಂಬತ್ತು ಲಕ್ಷ ಡಾಲರಿಗೆ ಅದನ್ನು ಕೊಂಡಿತು. ಭಾರತ ಸರ್ಕಾರ ದಾವೆ ಹೂಡಿತು. ೧೯೭೬ರಲ್ಲಿ ರಾಜಿಯಾಗಿ, ಹತ್ತು ವರ್ಷ ಅಲ್ಲಿ ಪ್ರದರ್ಶನಕ್ಕಿಟ್ಟು ಅನಂತರ ಹಿಂದಿರುಗಿಸಬೇಕೆಂದು ತೀರ್ಮಾನವಾಯಿತು. ೧೯೮೬ರಲ್ಲಿ ವಿಗ್ರಹವು ಮರಳಿತು. ನಾನು ನನ್ನ ಬಿಂಬವನ್ನು ತಕ್ಕಡಿಯಿಂದ ಎತ್ತಿಕೊಂಡು ಬಂದದ್ದು ಅದೇ ವರ್ಷ.

ಮತ್ತೊಂದು ಅತಿಚಾರ ವಿರುದ್ಧರಾಜ್ಯಾತಿಕ್ರಮ. ರಾಜ್ಯದ ನಿಯಮವನ್ನು ಮೀರುವುದೆಂದು ಇದಕ್ಕೆ ಸಾಮಾನ್ಯವಾಗಿ ಅರ್ಥ ಹೇಳುತ್ತಾರೆ. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಕೊಡುವ ವಿವರಣೆ ಇನ್ನೂ ಸೂಕ್ಷ್ಮವಾದುದು. ಆಡಳಿತ ಕದಡಿದ ನಾಡಿನಲ್ಲಿ ಬೆಲೆಬಾಳುವ ವಸ್ತುಗಳು ಅಗ್ಗವಾಗಿ ದೊರೆಯುತ್ತವೆ. ಅಂಥ ಕಾಲದಲ್ಲಿ ನ್ಯಾಯದ ದಾರಿಯನ್ನು ಬಿಟ್ಟು ಅವನ್ನು ಪಡೆಯಲು ಹವಣಿಸುವುದೇ ಈ ದೋಷವೆಂದು ಅವರ ಅಭಿಪ್ರಾಯ. ಕಾಂಬೋಡಿಯ ದೇಶದ ಕಥೆಯನ್ನು ಓದಿದಾಗ ಈ ವಿವರಣೆ ನಮ್ಮ ಕಾಲಕ್ಕಾಗಿಯೇ ಬರೆದಂತೆ ತೋರುತ್ತದೆ.

ಅಲ್ಲಿಯ ಕೊಹ್ ಕೇರ್ ಎಂಬ ಊರು ಹತ್ತನೆಯ ಶತಮಾನದಲ್ಲಿ ಖ್ಮೇರ್ ಅರಸರ ರಾಜಧಾನಿಯಾಗಿದ್ದಿತು. ಅಲ್ಲಿಯ ಪ್ರಸಾತ್ ಚೆನ್ ದೇವಾಲಯದಲ್ಲಿ ಭೀಮ ದುರ್ಯೋಧನರ ಗದಾಯುದ್ಧವನ್ನು ಆಳೆತ್ತರದ ಶಿಲ್ಪಗಳಲ್ಲಿ ನಿಲ್ಲಿಸಿದ್ದರು. ಬಲರಾಮನೇ ಮೊದಲಾದವರು ಸುತ್ತಲೂ ನೋಡುತ್ತಿದ್ದರು. ಅದೇ ಶತಮಾನದಲ್ಲಿ ಇತ್ತ ನಮ್ಮ ರನ್ನ ಕವಿಯು ಅದೇ ಪ್ರಸಂಗವನ್ನು ಕನ್ನಡದಲ್ಲಿ ಕಾವ್ಯವಾಗಿಸಿದನು. ಗದಾಯುದ್ಧವನ್ನು ಪಾಠ ಹೇಳಿದ ನನ್ನಂಥವನಿಗೆ ಈ ಶಿಲ್ಪಗಳು ಪರದೇಶದವೆಂದು ಅನ್ನಿಸುವುದೇ ಇಲ್ಲ. ೧೯೭೦ರ ದಶಕದ ಅಂತರ್ಯುದ್ಧದ ಗೊಂದಲದಲ್ಲಿ ಕಳ್ಳರು ಆ ಮೂರ್ತಿಗಳನ್ನು ಕಣಕಾಲಿನ ಬಳಿ ಕತ್ತರಿಸಿ ಸಾಗಿಸಿದರು. ಪಾದಗಳು ಪೀಠದಲ್ಲಿಯೇ ಉಳಿದವು. ಭೀಮನು ಕ್ಯಾಲಿಫೋರ್ನಿಯದ ನಾರ್ಟನ್ ಸೈಮನ್ ಮ್ಯೂಸಿಯಮ್ಮನ್ನು ಸೇರಿದನು. ದುರ್ಯೋಧನನು ೨೦೧೧ರಲ್ಲಿ ನ್ಯೂಯಾರ್ಕಿನಲ್ಲಿ ಹರಾಜಿಗೆ ಬಂದನು. ಕಾಂಬೋಡಿಯ ಯುನೆಸ್ಕೊ ಮೂಲಕ ತಡೆ ಕೇಳಿತು. ಅಮೆರಿಕದ ಸರ್ಕಾರವೇ ೨೦೧೨ರಲ್ಲಿ ನ್ಯಾಯಾಲಯಕ್ಕೆ ಹೋಯಿತು. ೨೦೧೩ರ ಕೊನೆಯಲ್ಲಿ ಒಪ್ಪಂದವಾಯಿತು. ೨೦೧೪ರಲ್ಲಿ ಭೀಮ, ದುರ್ಯೋಧನ, ಬಲರಾಮ ಮೂವರೂ ತಾಯ್ನಾಡಿಗೆ ಮರಳಿದರು. ಹಗೆಗಳಿಬ್ಬರು ಒಟ್ಟಿಗೆ ಮನೆಗೆ ಬಂದುದನ್ನು ರನ್ನನು ಕಂಡಿದ್ದರೆ ಏನೆನ್ನುತ್ತಿದ್ದನೋ! ಅವರ ವಾದಕ್ಕೆ ಬಲ ಕೊಟ್ಟ ಮುಖ್ಯ ಸಾಕ್ಷಿ ಆ ಉಳಿದ ಪಾದಗಳು. ಇಂಥದೇ ಕೇಡು ೨೦೦೩ರಲ್ಲಿ ಬಾಗ್ದಾದಿನ ವಸ್ತುಸಂಗ್ರಹಾಲಯಕ್ಕೂ, ಅನಂತರ ಸಿರಿಯದ ಪ್ರಾಚೀನ ನಿವೇಶನಗಳಿಗೂ ಒದಗಿತು. ಯುದ್ಧದ ನಾಡಿನ ಇಂಥ ಸ್ವತ್ತನ್ನು ಕೊಳ್ಳಬಾರದೆಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯೇ ನಿರ್ಣಯ ಮಾಡಬೇಕಾಯಿತು.

ನಮ್ಮ ಬಿಂಬಗಳೂ ಈ ಪ್ರವಾಹದಲ್ಲಿ ತೇಲಿಹೋಗಿವೆ. ೨೦೧೬ರ ಮಾರ್ಚ್ ತಿಂಗಳಲ್ಲಿ ನ್ಯೂಯಾರ್ಕಿನ ಒಂದು ಹರಾಜು ಮನೆಯಲ್ಲಿ ಅಲ್ಲಿಯ ಅಧಿಕಾರಿಗಳು ಹತ್ತನೆಯ ಶತಮಾನದ ಮರಳುಗಲ್ಲಿನ ಋಷಭನಾಥ ಬಿಂಬವನ್ನು ಮುಟ್ಟುಗೋಲು ಹಾಕಿಕೊಂಡರು. ೨೦೨೧ರಲ್ಲಿ ಅಮೆರಿಕವು ಭಾರತಕ್ಕೆ ಒಪ್ಪಿಸಿದ ೧೫೭ ವಸ್ತುಗಳಲ್ಲಿ ಒಂಬತ್ತು ಜೈನ ಮೂರ್ತಿಗಳಿದ್ದವು. ೨೦೨೨ರಲ್ಲಿ ಆಸ್ಟ್ರೇಲಿಯ ಮರಳಿಸಿದ ೨೯ ವಸ್ತುಗಳಲ್ಲಿಯೂ ಜೈನ ಪರಂಪರೆಯವು ಇದ್ದವು. ೨೦೨೪ರ ಜುಲೈಯಲ್ಲಿ ಭಾರತ ಅಮೆರಿಕಗಳ ನಡುವೆ ಈ ವಿಷಯದಲ್ಲಿ ಪ್ರತ್ಯೇಕ ಒಪ್ಪಂದವೂ ಆಗಿದೆ. ಸಂತೋಷದ ವಿಷಯವೇ ಸರಿ. ಆದರೆ ಮರಳಿ ಬಂದ ಬಿಂಬವು ಯಾವ ಬಸದಿಯ ಯಾವ ಪೀಠದ್ದೆಂಬುದು ತಿಳಿಯದಿದ್ದರೆ ಅದು ದೇಶಕ್ಕೆ ಬಂದರೂ ಮನೆಗೆ ಬಂದಂತಾಗುವುದಿಲ್ಲ.

ಇಲ್ಲಿ ಮೂರು ಪೂರ್ವಪಕ್ಷಗಳನ್ನು ಪರಿಶೀಲಿಸಬೇಕು. ಅನೇಕಾಂತವನ್ನು ನಂಬಿದವರು ಎದುರಾಳಿಯ ಮಾತಿನಲ್ಲಿರುವ ಸತ್ಯಾಂಶವನ್ನು ಮೊದಲು ಒಪ್ಪಬೇಕಷ್ಟೆ.

ಮೊದಲನೆಯದು: ಬಿಂಬವು ಪುದ್ಗಲ. ತೀರ್ಥಂಕರನು ರಾಗದ್ವೇಷಗಳನ್ನು ಕಳೆದವನು. ಅವನಿಗೆ ಬಸದಿಯೂ ಒಂದೇ, ಪರದೇಶದ ಗಾಜಿನ ಪೆಟ್ಟಿಗೆಯೂ ಒಂದೇ. ಅಪರಿಗ್ರಹವನ್ನು ಬೋಧಿಸುವ ನಾವು ಲೋಹದ ತುಂಡಿಗಾಗಿ ಹೋರಾಡುವುದು ಮೋಹವಲ್ಲವೆ? ಇದಕ್ಕೆ ಸಮಾಧಾನ: ತನ್ನದನ್ನು ಬಿಡುವುದು ಅಪರಿಗ್ರಹ, ಪರರದನ್ನು ಬಿಟ್ಟುಕೊಡಲು ಯಾರಿಗೂ ಅಧಿಕಾರವಿಲ್ಲ. ಬಸದಿಯ ಬಿಂಬವು ನನ್ನದೂ ಅಲ್ಲ, ನಿಮ್ಮದೂ ಅಲ್ಲ, ಆಡಳಿತದವರದೂ ಅಲ್ಲ. ದಾನಚಿಂತಾಮಣಿ ಅತ್ತಿಮಬ್ಬೆಯು ಸಾವಿರದ ಐನೂರು ಜಿನಬಿಂಬಗಳನ್ನು ಮಾಡಿಸಿ ಹಂಚಿದಳೆಂದು ಕೇಳುತ್ತೇವೆ. ಅವಳು ಕೊಟ್ಟದ್ದು ಯಾವೊಬ್ಬ ಮನುಷ್ಯನಿಗೂ ಅಲ್ಲ. ಮುಂದೆ ಬರುವ ಎಲ್ಲರ ದರ್ಶನಕ್ಕೆ. ದೇವರಿಗೆ ಅರ್ಪಿಸಿದುದನ್ನು ನಿರ್ಮಾಲ್ಯವೆಂದು ನಾವು ಮುಟ್ಟುವುದಿಲ್ಲ. ಅಂದಮೇಲೆ ದೇವರನ್ನೇ ಮಾರುವುದು, ಕೊಳ್ಳುವುದು ಹೇಗೆ ಸಲ್ಲುತ್ತದೆ?

ಈ ತತ್ತ್ವವನ್ನು ಪರದೇಶದ ನ್ಯಾಯಾಲಯವೊಂದು ಒಪ್ಪಿದ ಸಂಗತಿ ನಮಗೆ ತಿಳಿದಿರಬೇಕು. ೧೯೭೬ರಲ್ಲಿ ತಮಿಳುನಾಡಿನ ಪತ್ತೂರಿನ ಹಾಳುಬಿದ್ದ ಶಿವಾಲಯದ ಬಳಿ ಒಬ್ಬ ಕೂಲಿಕಾರನಿಗೆ ನಟರಾಜ ವಿಗ್ರಹ ಸಿಕ್ಕಿತು. ಅದು ಗುಟ್ಟಾಗಿ ಮಾರಾಟವಾಗಿ, ಕೊನೆಗೆ ೧೯೮೨ರಲ್ಲಿ ಕೆನಡದ ಒಂದು ಕಂಪನಿಯ ಪಾಲಾಯಿತು. ಲಂಡನ್ ಪೊಲೀಸರು ಅದನ್ನು ವಶಪಡಿಸಿಕೊಂಡರು. ಕಂಪನಿಯು ತಾನು ನಿರ್ದೋಷಿಯಾದ ಖರೀದಿದಾರನೆಂದು ವಾದಿಸಿತು. ವಿಗ್ರಹಕ್ಕೆ ಅಂಟಿದ್ದ ಮಣ್ಣು, ಗೆದ್ದಲಿನ ಗುರುತು ಇವೂ ಸಾಕ್ಷಿಗೆ ಬಂದವು. ೧೯೮೮ರಲ್ಲಿ ತೀರ್ಪಾಗಿ, ೧೯೯೧ರಲ್ಲಿ ಮೇಲ್ಮನವಿಯಲ್ಲಿಯೂ ಅದೇ ಸ್ಥಿರವಾಯಿತು. ದೇವಾಲಯವು ತನ್ನ ಸ್ವತ್ತಿಗಾಗಿ ತಾನೇ ದಾವೆ ಹೂಡಬಲ್ಲ ವ್ಯಕ್ತಿಯೆಂದು ಇಂಗ್ಲೆಂಡಿನ ನ್ಯಾಯಾಧೀಶರು ಮಾನ್ಯ ಮಾಡಿದರು. ಪೂಜೆ ನಿಂತಿದ್ದ ಹಾಳು ಗುಡಿಯು ಹಣವಂತ ಕಂಪನಿಯ ಎದುರು ಗೆದ್ದಿತು.

ಎರಡನೆಯ ಪೂರ್ವಪಕ್ಷ: ಹಾಳುಗುಡಿಯಲ್ಲಿ ಕೆಡುವ ಮೂರ್ತಿಯನ್ನು ಮ್ಯೂಸಿಯಮ್ಮು ಕಾಪಾಡುತ್ತದೆ; ಲಕ್ಷಾಂತರ ಜನ ನೋಡುತ್ತಾರೆ. ಇದರಲ್ಲಿ ಸತ್ಯಾಂಶವಿಲ್ಲವೆನ್ನಲಾರೆ. ನಾವು ನಮ್ಮ ಬಸದಿಗಳನ್ನು ಬಾವಲಿಗಳಿಗೆ ಬಿಟ್ಟಿರುವುದೂ ಸುಳ್ಳಲ್ಲ. ಆದರೆ ಈ ವಾದವನ್ನು ನಾನೇ ಒಂದು ವರ್ಷ ವಾದಿಸಿದವನಾದ್ದರಿಂದ ಅದರ ಒಳಗು ನನಗೆ ಗೊತ್ತಿದೆ. ಕೊನೆಗೆ ಒಂದು ದಿನ ಬಿಂಬವನ್ನು ಬಿಳಿಯ ವಸ್ತ್ರದಲ್ಲಿ ಸುತ್ತಿಕೊಂಡು ಆ ಊರಿಗೆ ಹೋದೆನು. ಬಸದಿಯ ಬಾಗಿಲಿಗೆ ಬೀಗ ದುರ್ಬಲವಾಗಿದ್ದದ್ದು ನಿಜ. ಪೂಜೆ ನಿಂತಿದ್ದದ್ದು ಮಾತ್ರ ನಿಜವಲ್ಲ. ಹಿಂದಿನ ಪುರೋಹಿತರ ವೃದ್ಧ ಪತ್ನಿಯು ವಸ್ತ್ರವನ್ನು ಬಿಚ್ಚಿದೊಡನೆ ಬಿಂಬವನ್ನು ಗುರುತಿಸಿದಳು. ಅದು ಕಳವಾದ ಮೇಲೆ ಊರಿನ ಹೆಂಗಸರು ಪ್ರತಿ ಭಾದ್ರಪದದಲ್ಲಿ ಬರಿಯ ಕಲಶವನ್ನಿಟ್ಟು ಅನಂತನ ನೋಂಪಿಯನ್ನು ನಡೆಸುತ್ತ ಬಂದಿದ್ದರು. ಹನ್ನೆರಡು ವರ್ಷ ಅವರು ಉಪವಾಸವಿದ್ದು ಖಾಲಿ ಪೀಠದ ಮುಂದೆ ಕುಳಿತಿದ್ದಾಗ, ನಾನು ಉಪವಾಸವಿದ್ದು ಅವರ ದೇವರ ಮುಂದೆ ಕುಳಿತಿದ್ದೆನು. ಕಾಪಾಡಿದೆನೆಂದು ಹೇಳುವವನು ಮೊದಲು ಕಳೆದುಕೊಂಡವರನ್ನು ಹೋಗಿ ಕೇಳಬೇಕು. ನಾನು ಕೇಳಿರಲಿಲ್ಲ.

ಮೂರನೆಯ ಪೂರ್ವಪಕ್ಷ ನಮ್ಮ ಮೂಲ ಪ್ರಶ್ನೆಯೇ: ತಿಳಿಯದೆ ಕೊಂಡವನ ಗತಿಯೇನು? ೧೯೭೦ರ ಒಡಂಬಡಿಕೆಯು ನಿರ್ದೋಷಿಯಾದ ಖರೀದಿದಾರನಿಗೆ ನ್ಯಾಯವಾದ ಪರಿಹಾರ ಕೊಟ್ಟು ವಸ್ತುವನ್ನು ಹಿಂಪಡೆಯಬೇಕೆಂದು ಹೇಳುತ್ತದೆ. ೧೯೯೫ರಲ್ಲಿ ರೋಮಿನಲ್ಲಿ ಆದ ಯುನಿದ್ರ್ವಾ ಒಡಂಬಡಿಕೆಯು ಒಂದು ಹೆಜ್ಜೆ ಮುಂದೆ ಹೋಯಿತು. ಕದ್ದ ವಸ್ತುವನ್ನು ಇಟ್ಟುಕೊಂಡವನು ಅದನ್ನು ಹಿಂದಿರುಗಿಸಲೇಬೇಕು. ಕೊಳ್ಳುವಾಗ ತಕ್ಕ ಎಚ್ಚರ ವಹಿಸಿದ್ದೆನೆಂದು ತೋರಿಸಿದರೆ ಮಾತ್ರ ಪರಿಹಾರ. ಆ ಎಚ್ಚರವನ್ನು ಅಳೆಯಲು ಮಾರಿದವನು ಎಂಥವನು, ಕೊಟ್ಟ ಬೆಲೆ ಎಷ್ಟು, ಕಳವಾದ ವಸ್ತುಗಳ ಪಟ್ಟಿಯನ್ನು ನೋಡಿದ್ದನೆ ಎಂಬ ಪ್ರಶ್ನೆಗಳನ್ನು ಅದು ಕೇಳುತ್ತದೆ. ಈ ಪರೀಕ್ಷೆಗೆ ನಾನು ಕುಳಿತಿದ್ದರೆ ಒಂದರಲ್ಲಿಯೂ ಉತ್ತೀರ್ಣನಾಗುತ್ತಿರಲಿಲ್ಲ. ಹಳೆಯ ಪಾತ್ರೆಯ ಅಂಗಡಿ, ಲೋಹದ ತೂಕದ ಬೆಲೆ, ಬಾಯಿಬಿಟ್ಟು ಒಂದು ಮಾತನ್ನೂ ಕೇಳದ ಕೊಳ್ಳುಗ!

ಜೈನಧರ್ಮದ ಉತ್ತರವೂ ಇದಕ್ಕೆ ಸಮೀಪವಾಗಿದೆ. ನಮ್ಮಲ್ಲಿ ದೋಷದ ಬೇರು ಪ್ರಮಾದ, ಎಂದರೆ ಎಚ್ಚರಗೇಡಿತನ. ತಿಳಿಯಲು ಸಾಧ್ಯವಿಲ್ಲದುದನ್ನು ತಿಳಿಯದಿರುವುದು ಬೇರೆ. ತಿಳಿಯಬಹುದಾದುದನ್ನು ತಿಳಿಯಲು ಇಷ್ಟಪಡದಿರುವುದು ಬೇರೆ. ಹನ್ನೊಂದು ವರ್ಷ ನನ್ನದು ಅತಿಚಾರವಾಗಿದ್ದಿತು. ವ್ರತದಲ್ಲಿ ಶ್ರದ್ಧೆಯಿದ್ದೂ ಅದಕ್ಕೆ ಕಲೆ ಹಚ್ಚಿದ್ದೆನು. ಅಕ್ಷರಗಳನ್ನು ಓದಿದ ದಿನದಿಂದ ಮುಂದಿನ ಒಂದು ವರ್ಷ ಅನಾಚಾರವೇ ಆಯಿತು. ಏಕೆಂದರೆ ಅಂದಿನಿಂದ ಒಡೆಯರಾರೆಂದು ಬಲ್ಲೆನು, ಆದರೂ ಬಿಡಲಿಲ್ಲ. ಕೊಂಡಾಗ ಇದ್ದ ನಿರ್ದೋಷವು ತಿಳಿದ ಮೇಲೂ ಮುಂದುವರಿಯುವುದಿಲ್ಲ. ವ್ಯಕ್ತಿಗೂ ಮ್ಯೂಸಿಯಮ್ಮಿಗೂ ರಾಷ್ಟ್ರಕ್ಕೂ ಈ ಮಾತು ಸಮಾನ.

ಪರಿಹಾರದ ವಿಷಯದಲ್ಲಿ ಮಾತ್ರ ನಾನು ಕಠಿಣವಾಗಿ ಮಾತನಾಡಲಾರೆ. ಆ ಊರಿನ ಹಿರಿಯರು ನೂರ ಇಪ್ಪತ್ತು ರೂಪಾಯಿಗಳನ್ನು ಎಲೆ ಅಡಿಕೆಯೊಡನೆ ನನ್ನ ಮುಂದಿಟ್ಟರು. ನಾನು ಮುಟ್ಟಲಿಲ್ಲ, ಅವರ ದೇವರನ್ನು ಅವರಿಗೇ ಮಾರಿದಂತಾಗುವುದೆಂದು ತೋರಿತು. ಹಾಗೆಂದು ನಿಜವಾಗಿ ವಿಚಾರಿಸಿ, ಸುಳ್ಳು ಪತ್ರಗಳಿಂದ ವಂಚಿತನಾದ ಬಡ ಖರೀದಿದಾರನು ಹಣ ಕೇಳಿದರೆ ಅವನನ್ನು ಲೋಭಿಯೆನ್ನಲಾಗದು. ಆ ಹೊರೆಯು ನ್ಯಾಯವಾಗಿ ವಂಚಿಸಿ ಮಾರಿದವನ ಮೇಲೆ ಬೀಳಬೇಕು, ಕಳೆದುಕೊಂಡವರ ಮೇಲಲ್ಲ.

ಕೊನೆಯದಾಗಿ ನಮ್ಮ ಕರ್ತವ್ಯದ ಮಾತು. ೧೯೭೦ರ ಒಡಂಬಡಿಕೆಯು ಸಂಸ್ಥೆಯ ದಾಖಲೆಪಟ್ಟಿಯಲ್ಲಿ ಇದ್ದ ವಸ್ತುವಿಗೇ ಮುಖ್ಯವಾಗಿ ರಕ್ಷಣೆ ಕೊಡುತ್ತದೆ. ಪಟ್ಟಿಯಿಲ್ಲದವನಿಗೆ ಕೇಳುವ ಬಾಯಿಯೇ ಇಲ್ಲ. ತಮಿಳುನಾಡಿನ ಶ್ರೀಪುರಂದಾನ್ ಗುಡಿಯಿಂದ ಕಳವಾದ ನಟರಾಜನನ್ನು ಆಸ್ಟ್ರೇಲಿಯದ ರಾಷ್ಟ್ರೀಯ ಗ್ಯಾಲರಿಯು ೨೦೦೮ರಲ್ಲಿ ಸುಮಾರು ಐವತ್ತು ಲಕ್ಷ ಡಾಲರಿಗೆ ಕೊಂಡಿತ್ತು. ಪುದುಚೇರಿಯ ಫ್ರೆಂಚ್ ಸಂಸ್ಥೆಯವರು ಹಿಂದೆಯೇ ಆ ಗುಡಿಯಲ್ಲಿ ತೆಗೆದಿಟ್ಟಿದ್ದ ಛಾಯಾಚಿತ್ರವು ಅದರ ಗುರುತನ್ನು ಸಾಧಿಸಿತು. ೨೦೧೪ರಲ್ಲಿ ವಿಗ್ರಹವು ಮರಳಿತು. ಅದನ್ನು ಮಾರಿದ ನ್ಯೂಯಾರ್ಕಿನ ವ್ಯಾಪಾರಿ ಸುಭಾಷ್ ಕಪೂರ್‌ನಿಗೆ ಮತ್ತೊಂದು ಗುಡಿಯ ಕಳವಿನ ಮೊಕದ್ದಮೆಯಲ್ಲಿ ೨೦೨೨ರಲ್ಲಿ ಕುಂಭಕೋಣದ ನ್ಯಾಯಾಲಯವು ಹತ್ತು ವರ್ಷದ ಸೆರೆ ವಿಧಿಸಿತು. ಒಂದು ಛಾಯಾಚಿತ್ರದ ಬೆಲೆ ಎಷ್ಟೆಂದು ಇದರಿಂದ ತಿಳಿಯಬಹುದು.

ಆದುದರಿಂದ ಪ್ರತಿಯೊಂದು ಬಸದಿಯಲ್ಲಿಯೂ ಬಿಂಬಗಳ ಎತ್ತರ, ಲೋಹ ಅಥವಾ ಶಿಲೆ, ಲಾಂಛನ, ಪೀಠದ ಬರಹ, ಒಡಕು ಮುಕ್ಕುಗಳನ್ನು ಬರೆದು, ಮುಂದಿನಿಂದಲೂ ಹಿಂದಿನಿಂದಲೂ ಚಿತ್ರ ತೆಗೆದಿಡಬೇಕು. ನೂರು ವರ್ಷ ಮೀರಿದ ಮೂರ್ತಿಗಳನ್ನು ಕಾಯಿದೆಯಂತೆ ನೋಂದಾಯಿಸಬೇಕು. ಶ್ರುತಪಂಚಮಿಯಂದು ಓಲೆಗರಿಗಳನ್ನು ಪೂಜಿಸುವಾಗ ಅವುಗಳ ಪಟ್ಟಿಯನ್ನೂ ಮಾಡಬೇಕು. ಎಪ್ಪತ್ತೈದು ವರ್ಷ ದಾಟಿದ ಹಸ್ತಪ್ರತಿಗೂ ಅದೇ ಕಾಯಿದೆಯ ರಕ್ಷಣೆಯುಂಟು. ನೋಂಪಿಯ ಉದ್ಯಾಪನೆಗೆ ಬಿಂಬವನ್ನೋ ಶಾಸ್ತ್ರವನ್ನೋ ದಾನ ಮಾಡುವವರು, ಆ ಶ್ರಾವಿಕೆಯಂತೆ, ಯಾರು ಯಾವ ಬಸದಿಗೆ ಕೊಟ್ಟರೆಂದು ಅದರ ಮೇಲೆಯೇ ಬರೆಸಲಿ. ಕೀರ್ತಿಗಾಗಿ ಬರೆಸಿದ್ದಾಳೆಂದು ಒಮ್ಮೆ ಅನ್ನಿಸಿದ್ದುಂಟು. ಅವಳ ಆ ಎರಡು ಸಾಲುಗಳೇ ಬಿಂಬಕ್ಕೆ ಮನೆಯ ದಾರಿಯನ್ನು ತೋರಿದವು. ಇನ್ನು ಹಳೆಯ ಮೂರ್ತಿಯನ್ನು ಕೊಳ್ಳುವ ಸಂದರ್ಭ ಬಂದರೆ, ಎಲ್ಲಿಂದ ಬಂದಿತೆಂದು ಕೇಳುವುದನ್ನೇ ವ್ರತದ ಒಂದು ಅಂಗವೆಂದು ತಿಳಿಯಬೇಕು.

ಅತಿಚಾರಕ್ಕೆ ನಮ್ಮಲ್ಲಿ ಆಲೋಚನೆ, ಪ್ರತಿಕ್ರಮಣಗಳನ್ನು ಹೇಳಿದೆ. ಪ್ರತಿಕ್ರಮಣವೆಂದರೆ ಹಿಂದಿರುಗುವುದು. ಬಾಯಲ್ಲಿ ಪಾಠವನ್ನು ಹೇಳಿ, ವಸ್ತುವನ್ನು ಮನೆಯಲ್ಲಿಟ್ಟುಕೊಂಡವನ ಪ್ರತಿಕ್ರಮಣವು ಎಲ್ಲಿಂದ ಎಲ್ಲಿಗೆ ಹಿಂದಿರುಗಿತು? ನನ್ನ ಹನ್ನೊಂದು ದಶಲಕ್ಷಣ ಪರ್ವಗಳ ಉಪವಾಸವು ವ್ಯರ್ಥವಾಯಿತೆ ಎಂದು ಮಿತ್ರರೊಬ್ಬರು ಕೇಳಿದರು. ಅದನ್ನು ಕೇವಲಜ್ಞಾನಿಗಳೇ ಬಲ್ಲರು. ಇಂದು ನನ್ನ ದೇವರ ಗೂಡಿನಲ್ಲಿ ಒಂದು ಕಲಶವಿದೆ. ಭಾದ್ರಪದದ ಚತುರ್ದಶಿ ಬಂದಾಗ ಆ ಊರಿಗೆ ಹೋಗಿ, ಹೆಂಗಸರ ಸಾಲಿನ ಹಿಂದೆ ಕುಳಿತು, ಅವರ ನೋಂಪಿಯನ್ನು ನೋಡಿ ಬರುತ್ತೇನೆ.